ಜೂಜುಕಟ್ಟೆ ಯಾರ ಊರಿಗೆ? ಮೊದಲು ಆ ಊರನ್ನು ಕೇಳಿ!

ನ್ಯೂಜೆರ್ಸಿಯ ಕನ್ನಡ ಮತದಾರರಲ್ಲಿ ಒಂದು ಮನವಿ



ಹಡ್ಸನ್ ನದಿಯ ಆಚೆ ಮೂರು ದೊಡ್ಡ ಕ್ಯಾಸಿನೊಗಳಿಗೆ ಲೈಸೆನ್ಸ್ ಕೊಟ್ಟಾಗಿದೆ. 2025ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯ ಕ್ವೀನ್ಸ್‌ನಲ್ಲಿ ಎರಡಕ್ಕೆ, ಬ್ರಾಂಕ್ಸ್‌ನಲ್ಲಿ ಒಂದಕ್ಕೆ ಅನುಮತಿ ಕೊಟ್ಟಿತು. ಈಚೆ ದಡದಲ್ಲೂ ಹಳೇ ರಾಗ ಶುರುವಾಗಿದೆ: “ನಮ್ಮ ದುಡ್ಡೆಲ್ಲ ಸೇತುವೆ ದಾಟಿ ಹೋಗುತ್ತದೆ, ಉತ್ತರ ಜೆರ್ಸಿಗೂ ಕ್ಯಾಸಿನೊ ಬೇಕು.” ಈಸ್ಟ್ ರದರ್‌ಫರ್ಡ್‌ನ ಮೆಡೋಲ್ಯಾಂಡ್ಸ್ ಹೆಸರು, ಮಾನ್‌ಮತ್ ಪಾರ್ಕ್ ಎಂಬ ಕುದುರೆ ರೇಸಿನ ಮೈದಾನದ ಹೆಸರು ಮತ್ತೆ ಓಡಾಡುತ್ತಿವೆ. ಇಂದಲ್ಲ ನಾಳೆ ಈ ಪ್ರಶ್ನೆ ನಿಮ್ಮ ಮತಪತ್ರಕ್ಕೆ ಬಂದೇ ಬರುತ್ತದೆ. ಬಂದ ಮೇಲೆ ಯೋಚಿಸೋಣ ಅಂದರೆ ತಡವಾಗುತ್ತದೆ. ಅಷ್ಟು ಹೊತ್ತಿಗೆ ಪ್ರಶ್ನೆಯ ಒಕ್ಕಣೆ ಬರೆದು ಮುಗಿದಿರುತ್ತದೆ.

ಜೂಜು ಪಾಪವೋ ಅಲ್ಲವೋ ಎಂದು ತೀರ್ಪು ಕೊಡಲು ಈ ಕರಪತ್ರ ಹೊರಟಿಲ್ಲ. ದೀಪಾವಳಿಯ ರಾತ್ರಿ ಚಾಪೆ ಹಾಸಿ ಇಸ್ಪೀಟು ಆಡುವವರು ನಮ್ಮ ಮನೆಗಳಲ್ಲೂ ಇದ್ದಾರೆ. ನಮ್ಮ ತಕರಾರು ಬೇರೆ. ಒಂದು ಊರಿಗೆ ಕ್ಯಾಸಿನೊ ತರುವ ತೀರ್ಮಾನ ಯಾರದು? ಕೇಪ್ ಮೇ ಕಡಲತೀರದಲ್ಲಿ ಕೂತವರು ಈಸ್ಟ್ ರದರ್‌ಫರ್ಡ್‌ನ ಹಣೆಬರಹ ಬರೆಯಬಹುದೇ?

ನಾವು ಕೇಳುವುದು ಇಷ್ಟು: ರಾಜ್ಯದ ಜನರ ಮತ ಇರಲಿ, ಆದರೆ ಅದೊಂದೇ ಸಾಲದು. ಕ್ಯಾಸಿನೊ ಬರುವ ಕೌಂಟಿಯ ಮತದಾರರೂ ಬೇರೆಯಾಗಿ ‘ಹೌದು’ ಅನ್ನಬೇಕು. ಎರಡರಲ್ಲಿ ಒಂದು ಕಡೆ ‘ಬೇಡ’ ಬಂದರೂ ಬೇಡವೇ.

ನಮ್ಮ ರಾಜ್ಯದ ಹಳೇ ಲೆಕ್ಕ

ಜನರನ್ನು ಕೇಳದೆ ಹೊಸ ಬಗೆಯ ಜೂಜಿಗೆ ಅನುಮತಿ ಕೊಡುವ ಹಾಗಿಲ್ಲ ಎಂದು ನ್ಯೂಜೆರ್ಸಿಯ ಸಂವಿಧಾನ ಹೇಳುತ್ತದೆ. ಒಳ್ಳೆಯ ಮಾತು. ಆದರೆ ಜನರನ್ನು ಕೇಳಿದಾಗೆಲ್ಲ ಏನಾಯಿತು ನೋಡಿ.

1974ರಲ್ಲಿ ಕೇಳಿದರು: ಒಪ್ಪಿದ ಊರುಗಳಲ್ಲಿ ಕ್ಯಾಸಿನೊ ತೆರೆಯೋಣವೇ? ನೂರಕ್ಕೆ 60ರಷ್ಟು ಮಂದಿ ಬೇಡ ಅಂದರು. ಎರಡೇ ವರ್ಷದಲ್ಲಿ, 1976ರಲ್ಲಿ, ಪ್ರಶ್ನೆಯನ್ನು ತಿದ್ದಿ ತಂದರು: ಅಟ್ಲಾಂಟಿಕ್ ಸಿಟಿಯಲ್ಲಿ ಮಾತ್ರ, ಬೇರೆಲ್ಲೂ ಇಲ್ಲ. ಬಂದ ದುಡ್ಡು ಹಿರಿಯರಿಗೆ, ಅಂಗವಿಕಲರಿಗೆ. ಈ ಸಲ ಆರಾಮವಾಗಿ ಗೆದ್ದಿತು. 1978ರ ಮೇ ತಿಂಗಳಲ್ಲಿ ಮೊದಲ ಕ್ಯಾಸಿನೊ ಬಾಗಿಲು ತೆರೆಯಿತು. ಅಟ್ಲಾಂಟಿಕ್ ಸಿಟಿಯವರಿಗೂ ಅದು ಬೇಕಿತ್ತು, ಆ ಮಾತು ಬೇರೆ.

2016ರಲ್ಲಿ ಮತ್ತೊಂದು ಪ್ರಶ್ನೆ. ಇನ್ನೆರಡು ಕ್ಯಾಸಿನೊ, ಬೇರೆ ಬೇರೆ ಕೌಂಟಿಗಳಲ್ಲಿ, ಅಟ್ಲಾಂಟಿಕ್ ಸಿಟಿಯಿಂದ ಕನಿಷ್ಠ 72 ಮೈಲಿ ದೂರ. ಆಗ ನೀವೂ ಮತ ಹಾಕಿರಬಹುದು. ಯಾವ ಊರು ಎಂದು ಮಾತ್ರ ಎಲ್ಲೂ ಬರೆದಿರಲಿಲ್ಲ. ನಕಾಶೆ ಹಿಡಿದು 72 ಮೈಲಿ ಅಳೆದರೆ ಉತ್ತರ ಜೆರ್ಸಿಯ ಯಾವ ಊರೂ ಆಗಬಹುದಿತ್ತು. ನೂರಕ್ಕೆ 77 ಮಂದಿ ‘ಬೇಡ’ ಎಂದು ಗುರುತು ಹಾಕಿದರು.

ಇವನ್ನು ಒಟ್ಟಿಗೆ ಇಟ್ಟು ನೋಡಿ. ನಮ್ಮೂರಿಗೂ ಬರಬಹುದು ಎಂಬ ಅಳುಕಿದ್ದಾಗ ಜನ ಬೇಡ ಅಂದರು. ಬೇರೆಯವರ ಊರಿಗೆ ಎಂದು ಖಾತ್ರಿಯಾದಾಗ ಹೌದು ಅಂದರು. ಈ ಗುಟ್ಟು ಕ್ಯಾಸಿನೊ ಕಂಪನಿಗಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಮುಂದಿನ ಸಲ ಅವರು ಜಾಗದ ಹೆಸರು ಬರೆದುಕೊಂಡೇ ಬರುತ್ತಾರೆ. ಮೆಡೋಲ್ಯಾಂಡ್ಸ್ ಎಂದು ಬರೆದರೆ ಆ ಜಾಗವಿರುವ ಬರ್ಗನ್ ಒಂದನ್ನು ಬಿಟ್ಟು ಉಳಿದ 20 ಕೌಂಟಿಗಳು ನಿಟ್ಟುಸಿರು ಬಿಡುತ್ತವೆ. ಸಾಲೆಮ್‌ನವರಿಗೆ, ಕಂಬರ್‌ಲ್ಯಾಂಡ್‌ನವರಿಗೆ ರೂಟ್ 3ರ ಟ್ರಾಫಿಕ್ ಕಟ್ಟಿಕೊಂಡು ಏನಾಗಬೇಕಿದೆ? ಅವರಿಗೆ ಆದಾಯದ ಪಾಲು ಕಾಣುತ್ತದೆ, ಗೋಳು ಕಾಣುವುದಿಲ್ಲ. ಈಸ್ಟ್ ರದರ್‌ಫರ್ಡ್ ಹತ್ತು ಸಾವಿರ ಚಿಲ್ಲರೆ ಜನರ ಊರು, ರಾಜ್ಯದಲ್ಲಿರುವವರು 90 ಲಕ್ಷಕ್ಕೂ ಹೆಚ್ಚು. ಆ ಊರಿನ ಅಷ್ಟೂ ಮತದಾರರು ಸಾಲುಗಟ್ಟಿ ನಿಂತು ಬೇಡ ಅಂದರೂ ರಾಜ್ಯದ ಎಣಿಕೆಯಲ್ಲಿ ಅದು ಲೆಕ್ಕಕ್ಕೇ ಸಿಗುವುದಿಲ್ಲ. ಜಾಗದ ಬಳಕೆ ಏನಿರಬೇಕೆಂಬ ನಿಯಮವನ್ನಾದರೂ ಊರಿನ ಕೌನ್ಸಿಲ್ ಮಾಡಬಹುದಲ್ಲ ಅನ್ನುತ್ತೀರಾ? ಮೆಡೋಲ್ಯಾಂಡ್ಸ್ ಪ್ರದೇಶದಲ್ಲಿ ಆ ಅಧಿಕಾರ ಬಹುಪಾಲು ರಾಜ್ಯವೇ ನೇಮಿಸಿದ ಕ್ರೀಡಾ ಮತ್ತು ಪ್ರದರ್ಶನ ಪ್ರಾಧಿಕಾರದ ಕೈಯಲ್ಲಿದೆ.

ಆರ್ಕನ್ಸಾದಲ್ಲಿ ಹೀಗೇ ಆಯಿತು

ಇದು ಬರೀ ಊಹೆ ಅಂದುಕೊಳ್ಳಬೇಡಿ. ಆರ್ಕನ್ಸಾ ರಾಜ್ಯದಲ್ಲಿ ಪೋಪ್ ಕೌಂಟಿ ಎಂಬುದಿದೆ, ರಸೆಲ್‌ವಿಲ್ ಅದರ ಮುಖ್ಯ ಪಟ್ಟಣ. 2018ರ ನವೆಂಬರ್‌ನಲ್ಲಿ ರಾಜ್ಯದ ಮತಪತ್ರಕ್ಕೆ ನಾಲ್ಕು ಕ್ಯಾಸಿನೊಗಳ ತಿದ್ದುಪಡಿ ಬಂತು. ನಾಲ್ಕರಲ್ಲಿ ಒಂದಕ್ಕೆ ಪೋಪ್ ಕೌಂಟಿಯ ಹೆಸರು ಬರೆದಿದ್ದರು. ರಾಜ್ಯದಲ್ಲಿ ನೂರಕ್ಕೆ 54 ಮಂದಿ ಹೌದು ಅಂದರು. ಪೋಪ್ ಕೌಂಟಿಯಲ್ಲಿ ಸುಮಾರು 60 ಮಂದಿ ಬೇಡ ಅಂದರು. ಅಷ್ಟೇ ಅಲ್ಲ, ನಮ್ಮನ್ನು ಕೇಳದೆ ನಮ್ಮ ಅಧಿಕಾರಿಗಳು ಯಾವ ಕ್ಯಾಸಿನೊಗೂ ಒಪ್ಪಿಗೆ ಪತ್ರ ಕೊಡಬಾರದು ಎಂಬ ಸ್ಥಳೀಯ ಕಟ್ಟಳೆಯನ್ನೂ ಅದೇ ದಿನ ಮತ ಹಾಕಿ ಪಾಸು ಮಾಡಿಕೊಂಡರು. ಮರುವರ್ಷವೇ ಕೌಂಟಿಯ ಆಡಳಿತ ಮಂಡಳಿ ಆ ಕಟ್ಟಳೆಯನ್ನು ತೆಗೆದುಹಾಕಿತು!

ಆಮೇಲೆ ಆರು ವರ್ಷ ಕೋರ್ಟು ಕಚೇರಿ. ಲೈಸೆನ್ಸ್ ಒಬ್ಬರಿಗೆ ಸಿಗುವುದು, ರದ್ದಾಗುವುದು, ಇನ್ನೊಬ್ಬರಿಗೆ ಸಿಗುವುದು. ಕೊನೆಗೆ 2024ರ ನವೆಂಬರ್‌ನಲ್ಲಿ ಇನ್ನೊಂದು ತಿದ್ದುಪಡಿ ಬಂತು: ಪೋಪ್ ಕೌಂಟಿಯ ಲೈಸೆನ್ಸ್ ರದ್ದು, ಇನ್ನು ಮುಂದೆ ಯಾವ ಕೌಂಟಿಗೆ ಹೊಸ ಕ್ಯಾಸಿನೊ ಬರಬೇಕಾದರೂ ಆ ಕೌಂಟಿಯಲ್ಲಿ ಪ್ರತ್ಯೇಕ ಮತದಾನ ಆಗಲೇಬೇಕು. ನೂರಕ್ಕೆ 56ರಷ್ಟು ಮತ ಬಿದ್ದು ಅದು ಗೆದ್ದಿತು. 2018ರಲ್ಲಿ ಬೇರೆಯವರ ಊರಿಗೆ ಕ್ಯಾಸಿನೊ ಕೊಟ್ಟ ರಾಜ್ಯವೇ 2024ರಲ್ಲಿ ಇದು ಸರಿಯಲ್ಲ ಅಂದಿತು.

ಒಂದು ಮಾತು ಮುಚ್ಚಿಡಬಾರದು. 2024ರ ಆ ಪ್ರಚಾರಕ್ಕೆ ದುಡ್ಡು ಸುರಿದದ್ದು ಬಡಪಾಯಿ ಹಳ್ಳಿಗರಲ್ಲ. ಒಂದು ಕಡೆ ಚೊಕ್ಟಾ ನೇಷನ್, ಇನ್ನೊಂದು ಕಡೆ ಲೈಸೆನ್ಸ್ ಕೈಯಲ್ಲಿ ಹಿಡಿದಿದ್ದ ಚೆರೊಕೀ ನೇಷನ್. ಎರಡೂ ಕ್ಯಾಸಿನೊ ನಡೆಸುವ ಮೂಲನಿವಾಸಿ ಸಮುದಾಯಗಳು. ಊರಿನವರ ಹಕ್ಕಿನ ಹೆಸರಿನಲ್ಲಿ ನಡೆದದ್ದು ಬಹುಮಟ್ಟಿಗೆ ವ್ಯಾಪಾರಿಗಳ ಜಗಳ. ಆದರೆ ಆ ಜಗಳದಿಂದ ಹುಟ್ಟಿದ ನಿಯಮ ಮಾತ್ರ ಊರಿನವರಿಗೇ ದಕ್ಕಿತು.

ಎರಡು ಬೀಗ ಇರುವ ಕಡೆ

ನಾವು ಕೇಳುತ್ತಿರುವುದು ಹೊಸದಲ್ಲ. ಪುಟ್ಟ ರಾಜ್ಯ ರೋಡ್ ಐಲೆಂಡ್‌ನ ಸಂವಿಧಾನದಲ್ಲೇ ಇದೆ: ಜೂಜು ವಿಸ್ತರಿಸಬೇಕಾದರೆ ರಾಜ್ಯದ ಬಹುಮತವೂ ಬೇಕು, ಆ ಊರಿನ ಬಹುಮತವೂ ಬೇಕು. ಬಾಗಿಲಿಗೆ ಎರಡು ಬೀಗ, ಎರಡು ಕೀಲಿ ಬೇರೆ ಬೇರೆಯವರ ಕೈಯಲ್ಲಿ. 2012ರಲ್ಲಿ ನ್ಯೂಪೋರ್ಟ್ ಊರಿನ ಜೂಜು ಕೇಂದ್ರಕ್ಕೆ ಕ್ಯಾಸಿನೊ ಮೇಜುಗಳನ್ನು ಸೇರಿಸಲು ರಾಜ್ಯ ಹೌದು ಅಂದಿತು, ನ್ಯೂಪೋರ್ಟ್ ಬೇಡ ಅಂದಿತು. 2014ರಲ್ಲಿ ಮತ್ತೆ ಕೇಳಿದರು. ರಾಜ್ಯ ಮತ್ತೆ ಹೌದು, ನ್ಯೂಪೋರ್ಟ್ ಮತ್ತೆ ಬೇಡ. ಮೇಜು ಬರಲಿಲ್ಲ. ಕಂಪನಿ ಕಡೆಗೆ ಟಿವರ್ಟನ್ ಎಂಬ ಇನ್ನೊಂದು ಊರನ್ನು ಹುಡುಕಿಕೊಂಡಿತು. 2016ರಲ್ಲಿ ಟಿವರ್ಟನ್ ಜನ ಸಣ್ಣ ಅಂತರದಲ್ಲಿ ಒಪ್ಪಿದರು, 2018ರಲ್ಲಿ ಅಲ್ಲಿ ಕ್ಯಾಸಿನೊ ತೆರೆಯಿತು. ಅದರ ಬಗ್ಗೆ ನಮ್ಮ ತಕರಾರೇನೂ ಇಲ್ಲ. ಬೇಕಾದವರು ಕೇಳಿ ಪಡೆದರು, ಬೇಡದವರಿಗೆ ಬರಲಿಲ್ಲ. ಮೇರಿಲ್ಯಾಂಡ್ ಕೂಡ 2012ರಲ್ಲಿ ಪ್ರಿನ್ಸ್ ಜಾರ್ಜಸ್ ಕೌಂಟಿಯ ಕ್ಯಾಸಿನೊವನ್ನು ಆ ಕೌಂಟಿಯ ಮತಕ್ಕೆ ಕಟ್ಟಿಹಾಕಿತ್ತು.

ಹಾಗಾದರೆ ಊರು ಅನ್ನದೆ ಕೌಂಟಿ ಅಂತ ಯಾಕೆ ಕೇಳುತ್ತೀರಿ? ಅದಕ್ಕೆ ಉತ್ತರ ಮ್ಯಾಸಚೂಸೆಟ್ಸ್‌ನಲ್ಲಿದೆ. 2011ರ ಅಲ್ಲಿನ ಕಾನೂನು ಕ್ಯಾಸಿನೊ ಬರುವ ಊರಿಗೆ ಮತದ ಹಕ್ಕು ಕೊಟ್ಟಿತು. ಬಾಸ್ಟನ್‌ನಂಥ ದೊಡ್ಡ ನಗರದಲ್ಲಾದರೆ ಆ ವಾರ್ಡಿಗೆ. ವೆಸ್ಟ್ ಸ್ಪ್ರಿಂಗ್‌ಫೀಲ್ಡ್ ಬೇಡ ಅಂದಿತು, ಮಿಲ್‌ಫರ್ಡ್ ಬೇಡ ಅಂದಿತು, ಪಾಮರ್ ಎಂಬ ಪಟ್ಟಣ ನೂರಕ್ಕಿಂತ ಕಡಿಮೆ ಮತಗಳ ಅಂತರದಲ್ಲಿ ಬೇಡ ಅಂದಿತು. ಇಷ್ಟರಮಟ್ಟಿಗೆ ಕಾನೂನು ಚೆನ್ನಾಗಿಯೇ ನಡೆಯಿತು. ಆದರೆ ಸಫೋಕ್ ಡೌನ್ಸ್ ಎಂಬ ಕುದುರೆ ರೇಸಿನ ಮೈದಾನದ ಕಥೆ ಕೇಳಿ. ಮೈದಾನದ ಒಂದು ಪಾಲು ಈಸ್ಟ್ ಬಾಸ್ಟನ್‌ನಲ್ಲಿ, ಇನ್ನೊಂದು ಪಾಲು ರೆವೀರ್ ಎಂಬ ಪಕ್ಕದ ಊರಿನಲ್ಲಿ. 2013ರ ನವೆಂಬರ್‌ನಲ್ಲಿ ಒಂದೇ ದಿನ ಎರಡೂ ಕಡೆ ಮತದಾನವಾಯಿತು. ಈಸ್ಟ್ ಬಾಸ್ಟನ್‌ನವರು ಬೇಡ ಅಂದರು, ರೆವೀರ್‌ನವರು ಹೌದು ಅಂದರು. ಕಂಪನಿ ಏನು ಮಾಡಿತು? ಇಡೀ ಯೋಜನೆಯನ್ನು ಗಡಿಗೆರೆಯಿಂದ ಆಚೆಗೆ, ಅದೇ ಮೈದಾನದ ರೆವೀರ್ ಪಾಲಿಗೆ ಸರಿಸಿ ಹೊಸ ನಕ್ಷೆ ತಂದಿತು! ಕಾರುಗಳು ಬರುವುದು ಅದೇ ಈಸ್ಟ್ ಬಾಸ್ಟನ್ ರಸ್ತೆಗಳಲ್ಲಿ, ಮತ ಮಾತ್ರ ಅಲ್ಲಿನವರದಲ್ಲ. ಲೈಸೆನ್ಸ್ ಕಡೆಗೆ ಎವರೆಟ್ ಎಂಬ ಬೇರೆ ಊರಿಗೆ ಹೋಯಿತು ಅನ್ನುವುದು ಅವರ ಪುಣ್ಯ. ಆ ಎವರೆಟ್‌ನಲ್ಲಿ ನೂರಕ್ಕೆ 86 ಮಂದಿ ಹೌದು ಅಂದಿದ್ದರು, ಯಾಕೆಂದರೆ ವರ್ಷ ವರ್ಷ ಕೋಟಿಗಟ್ಟಲೆ ಡಾಲರ್ ಊರಿನ ಬೊಕ್ಕಸಕ್ಕೆ ಬರುವ ಒಪ್ಪಂದವಾಗಿತ್ತು. ಟ್ರಾಫಿಕ್ ಹೊರಬೇಕಾದ ನೆರೆಯ ಬಾಸ್ಟನ್ ನಗರ ಕೋರ್ಟ್ ಮೆಟ್ಟಿಲು ಹತ್ತಿತು.

ನಮ್ಮಲ್ಲೂ ಹೀಗೇ ಆಗುತ್ತದೆ. ಈಸ್ಟ್ ರದರ್‌ಫರ್ಡ್‌ಗೆ ಕೈತುಂಬ ಕೊಟ್ಟು ಒಪ್ಪಿಸಿದರೆ ರದರ್‌ಫರ್ಡ್, ಕಾರ್ಲ್‌ಸ್ಟಾಟ್, ಲಿಂಡ್‌ಹರ್ಸ್ಟ್‌ನವರು ಬಾಯಿ ಬಿಡುವ ಹಾಗಿಲ್ಲ. ಅದಕ್ಕೇ ಕೌಂಟಿ ಅನ್ನುವುದು. ಹೊರೆ ಬೀಳುವಷ್ಟು ದೂರಕ್ಕೆ ಮತವೂ ಹೋಗಬೇಕು.

ಒಂದು ಸಲ ‘ಬೇಡ’ ಅಂದರೆ ಮುಗಿಯಿತೇ? ವರ್ಜೀನಿಯಾದಲ್ಲಿ ಮುಗಿಯಲಿಲ್ಲ. ಅಲ್ಲಿ ಕ್ಯಾಸಿನೊ ಊರಿನ ಮತಕ್ಕೆ ಬಿಟ್ಟದ್ದು. ರಿಚ್ಮಂಡ್ ನಗರ 2021ರಲ್ಲಿ ಕೂದಲೆಳೆಯಲ್ಲಿ ಬೇಡ ಅಂದಿತು. ಎರಡೇ ವರ್ಷದಲ್ಲಿ, 2023ರಲ್ಲಿ, ಮತ್ತೆ ಅದೇ ಪ್ರಶ್ನೆ, ಸುಮಾರು ಒಂದು ಕೋಟಿ ಡಾಲರ್ ಸುರಿದ ಪ್ರಚಾರ. ಜನ ರೇಗಿ ಇನ್ನೂ ದೊಡ್ಡ ಅಂತರದಲ್ಲಿ ಬೇಡ ಅಂದರು. ಎಲ್ಲ ಊರಿಗೂ ಅಷ್ಟು ಗಟ್ಟಿ ಬೆನ್ನು ಇರುವುದಿಲ್ಲ. ನಮ್ಮ ಸಂವಿಧಾನದಲ್ಲಿ ಜನ ತಿರಸ್ಕರಿಸಿದ ತಿದ್ದುಪಡಿಯನ್ನು ಮೂರನೆಯ ಸಾರ್ವತ್ರಿಕ ಚುನಾವಣೆಯವರೆಗೆ ಮತ್ತೆ ತರುವಂತಿಲ್ಲ ಎಂಬ ನಿಯಮ ಈಗಾಗಲೇ ಇದೆ. ಕೌಂಟಿಯ ‘ಬೇಡ’ಕ್ಕೂ ಅದೇ ಗೌರವ ಸಿಗಬೇಕು.

ಇನ್ನು ನ್ಯೂಯಾರ್ಕ್. 2013ರಲ್ಲಿ ರಾಜ್ಯವಿಡೀ ಮತದಾನವಾಯಿತು, ನೂರಕ್ಕೆ 57 ಹೌದು. ಕ್ಯಾಸಿನೊ ಬಂದರೆ ಉದ್ಯೋಗ ಹೆಚ್ಚುತ್ತದೆ, ಶಾಲೆಗೆ ನೆರವು ಬರುತ್ತದೆ, ಆಸ್ತಿ ತೆರಿಗೆ ಇಳಿಯುತ್ತದೆ ಎಂದು ಮತಪತ್ರದ ಒಕ್ಕಣೆಯಲ್ಲೇ ಬರೆದಿದ್ದರು! ಪ್ರಶ್ನೆ ಕೇಳುವವರೇ ಉತ್ತರವನ್ನೂ ಬರೆದುಕೊಟ್ಟ ಹಾಗಾಯಿತು. ಊರಿನವರಿಗೆ ಮತ ಇರಲಿಲ್ಲ, ಈಚಿನ ಸುತ್ತಿನಲ್ಲಿ ನ್ಯೂಯಾರ್ಕ್ ನಗರದ ಪ್ರತಿ ಯೋಜನೆಗೂ ಆರು ಜನರ ಸಲಹಾ ಸಮಿತಿ ಇತ್ತು. ಆ ಸಮಿತಿಗಳೇ 2025ರ ಸೆಪ್ಟೆಂಬರ್‌ನಲ್ಲಿ ಮ್ಯಾನ್‌ಹಟನ್‌ನ ಮೂರೂ ಯೋಜನೆಗಳನ್ನು, ಕೋನಿ ಐಲೆಂಡ್‌ನದನ್ನು ತಿರಸ್ಕರಿಸಿದವು. ಆರು ಜನರಿಗೆ ಕೊಟ್ಟ ಹಕ್ಕನ್ನು ಊರಿಗೆ ಯಾಕೆ ಕೊಡಬಾರದು?

“ಪ್ರಾಪರ್ಟಿ ಟ್ಯಾಕ್ಸ್ ಇಳಿಯುತ್ತದಂತೆ!”

ನಮ್ಮವರ ಕಿವಿಗೆ ಬೀಳುವ ಗಾಳ ಇದೇ. ದೇಶದಲ್ಲೇ ಅತಿ ಹೆಚ್ಚು ಆಸ್ತಿ ತೆರಿಗೆ ಕಟ್ಟುವವರು ನಾವು. 2024ರಲ್ಲಿ ಸರಾಸರಿ 10,000 ಡಾಲರ್ ದಾಟಿತು. ಎಡಿಸನ್ನಿನಲ್ಲೋ ಪ್ಲೇನ್ಸ್‌ಬರೊದಲ್ಲೋ ಮನೆ ಮಾಡಿಕೊಂಡವರಿಗೆ ಹೊಟ್ಟೆ ಉರಿಯುವುದು ಸಹಜ. ಆದರೆ ಸುಮಾರು ಐವತ್ತು ವರ್ಷದಿಂದ ಕ್ಯಾಸಿನೊ ಇಟ್ಟುಕೊಂಡ ರಾಜ್ಯ ಇದು. ಆ ತೆರಿಗೆ ಇಳಿದದ್ದನ್ನು ನೀವು ನೋಡಿದ್ದೀರಾ?

ಊರಿನಿಂದ ಬಂದ ಅಪ್ಪ ಅಮ್ಮನನ್ನು ಬೋರ್ಡ್‌ವಾಕ್ ತೋರಿಸಲು ಅಟ್ಲಾಂಟಿಕ್ ಸಿಟಿಗೆ ಕರೆದುಕೊಂಡು ಹೋಗದ ಮನೆ ನಮ್ಮಲ್ಲಿ ಕಡಿಮೆ. ಟ್ರಂಪ್ ತಾಜ್ ಮಹಲ್ ಮುಂದೆ ನಿಲ್ಲಿಸಿ, “ನೋಡಮ್ಮಾ, ಇಲ್ಲೂ ತಾಜ್ ಮಹಲ್ ಇದೆ” ಎಂದು ಫೋಟೊ ತೆಗೆದವರು ಎಷ್ಟು ಜನವೋ. 2016ರ ಅಕ್ಟೋಬರ್‌ನಲ್ಲಿ ಅದು ಮುಚ್ಚಿತು, ಈಗ ಆ ಕಟ್ಟಡದಲ್ಲಿ ಬೇರೆ ಕಂಪನಿಯ ಕ್ಯಾಸಿನೊ ಇದೆ. ಅದಕ್ಕೂ ಮುಂಚೆ 2014 ಒಂದೇ ವರ್ಷದಲ್ಲಿ ನಾಲ್ಕು ಕ್ಯಾಸಿನೊ ಬಾಗಿಲು ಹಾಕಿದ್ದವು. ಬೋರ್ಡ್‌ವಾಕ್‌ನಿಂದ ಎರಡು ಬೀದಿ ಒಳಗೆ ನಡೆದವರಿಗೆ ಆ ಊರಿನ ಸ್ಥಿತಿ ಹೇಳಬೇಕಾಗಿಲ್ಲ. 2016ರಲ್ಲೇ ನಗರದ ಹಣಕಾಸನ್ನು ರಾಜ್ಯ ಸರ್ಕಾರ ತನ್ನ ಕೈಗೆ ತೆಗೆದುಕೊಳ್ಳಬೇಕಾಯಿತು. ಕ್ಯಾಸಿನೊ ತೆರಿಗೆಯಿಂದ ಹಿರಿಯರ ಔಷಧಿಗೆ, ಓಡಾಟಕ್ಕೆ ನೆರವು ಸಿಕ್ಕಿದ್ದು ನಿಜ, ಇಲ್ಲ ಅನ್ನುವುದಿಲ್ಲ. ಆದರೆ ಊರು ಉದ್ಧಾರವಾಗುತ್ತದೆ ಅಂದಿದ್ದರಲ್ಲ?

ದೂರದ ಮಾತೂ ಇದೆ. ಎಡಿಸನ್‌ನಿಂದ ಅಟ್ಲಾಂಟಿಕ್ ಸಿಟಿಗೆ ಪಾರ್ಕ್‌ವೇ ಹಿಡಿದರೆ ಸುಮಾರು ಒಂದೂವರೆ ಗಂಟೆ. ಮನಸ್ಸು ಬದಲಾಯಿಸಿ ಕಾರು ತಿರುಗಿಸಲು ಸಮಯವಿದೆ. ಮೆಡೋಲ್ಯಾಂಡ್ಸ್ ಹಾಗಲ್ಲ. ಮ್ಯಾನ್‌ಹಟನ್‌ನಲ್ಲಿ ಕೆಲಸ ಮುಗಿಸಿ ಮನೆಗೆ ಬರುವ ಎಷ್ಟೋ ಜನರ ದಾರಿಯಲ್ಲೇ ಅದು ಕೂತಿದೆ.

ಕೇಳದೆಯೇ ಅಡುಗೆಮನೆಗೆ ಬಂದದ್ದು

ಜನರ ಮತವಿಲ್ಲದೆ ಜೂಜು ಎಷ್ಟು ದೂರ ಬರಬಲ್ಲದು ಎಂದು ತಿಳಿಯಬೇಕಾದರೆ ನಿಮ್ಮ ಫೋನ್ ತೆಗೆಯಿರಿ. 2013ರ ಫೆಬ್ರವರಿಯಲ್ಲಿ ಆನ್‌ಲೈನ್ ಕ್ಯಾಸಿನೊ ಕಾನೂನಿಗೆ ಸಹಿ ಬಿತ್ತು, ನವೆಂಬರ್‌ನಲ್ಲಿ ಆಟ ಶುರುವಾಯಿತು. ಅದಕ್ಕೆ ರಾಜ್ಯದ ಮತವೂ ಇಲ್ಲ, ಊರಿನ ಮತವೂ ಇಲ್ಲ. ಕಂಪ್ಯೂಟರ್ ಅಟ್ಲಾಂಟಿಕ್ ಸಿಟಿಯಲ್ಲಿದೆ, ಆದ್ದರಿಂದ ಜೂಜು ನಡೆಯುವುದೂ ಅಲ್ಲೇ ಎಂಬುದು ಅವರ ವಾದ. ನೀವು ಒಲೆಯ ಮುಂದೆ ನಿಂತು ಬೆರಳೊತ್ತಿದರೂ ಅದು ಅಟ್ಲಾಂಟಿಕ್ ಸಿಟಿಯಂತೆ! ಕ್ರೀಡಾ ಬೆಟ್ಟಿಂಗ್‌ಗಾದರೆ 2011ರಲ್ಲಿ ಜನರನ್ನು ಕೇಳಿದ್ದರು, ಜನ ಹೌದು ಎಂದಿದ್ದರು, 2018ರಲ್ಲಿ ಸುಪ್ರೀಂ ಕೋರ್ಟ್ ದಾರಿ ಬಿಟ್ಟಿತು. ಆನ್‌ಲೈನ್ ಕ್ಯಾಸಿನೊಗೆ ಆ ಸೌಜನ್ಯವೂ ಇರಲಿಲ್ಲ. ಒಮ್ಮೆ ಬಂದದ್ದು ಹೋಗುವುದಿಲ್ಲ. ಕಟ್ಟಡದ ವಿಷಯದಲ್ಲಾದರೂ ಮೊದಲೇ ಎಚ್ಚರವಾಗಿರೋಣ.

ನಮ್ಮ ಕೆಲಸ

2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಹಳ್ಳಿಯ ಹೆಂಗಸರು ನಡೆದುಕೊಂಡು ಬಂದದ್ದು ನಿಮಗೆ ನೆನಪಿರಬಹುದು. ಹೆಂಡದಂಗಡಿ ಮುಚ್ಚಿ ಎಂದು ಕೇಳಲು ಅವರಿಗೆ ಕಾಲುಗಳೇ ಗತಿಯಾದವು, ಯಾಕೆಂದರೆ ಆ ಪ್ರಶ್ನೆಗೆ ಮತಪೆಟ್ಟಿಗೆ ಇರಲಿಲ್ಲ. ನಮಗಿಲ್ಲಿ ಅರ್ಜಿ ಹಾಕಿದರೆ ಮತಪತ್ರ ಮನೆಬಾಗಿಲಿಗೇ ಬರುತ್ತದೆ. ನಾವೋ, ಮೇಲೆ ಗವರ್ನರ್ ಹೆಸರಿಗೆ ಗುಂಡಿ ತುಂಬಿಸಿ, ಕೆಳಗೋ ಹಿಂಬದಿಯಲ್ಲೋ ಇರುವ ಸಾರ್ವಜನಿಕ ಪ್ರಶ್ನೆಯನ್ನು ಓದದೆ ಮಡಚಿ ಕಳಿಸುತ್ತೇವೆ.

ಈ ರಾಜ್ಯದಲ್ಲಿ ಜನರೇ ಸಹಿ ಸಂಗ್ರಹಿಸಿ ತಿದ್ದುಪಡಿಯನ್ನು ಮತಕ್ಕೆ ತರುವ ಅವಕಾಶವಿಲ್ಲ. ಪ್ರಶ್ನೆ ಬರೆಯುವುದು ಟ್ರೆಂಟನ್‌ನ ಶಾಸಕಾಂಗ. ಎರಡೂ ಸದನದಲ್ಲಿ ಐದರಲ್ಲಿ ಮೂರು ಪಾಲು ಮತ ಸಿಕ್ಕರೆ ಒಂದೇ ವರ್ಷದಲ್ಲಿ ನಮ್ಮ ಮುಂದೆ ಬರುತ್ತದೆ, ಬರೀ ಬಹುಮತವಾದರೆ ಸತತ ಎರಡು ವರ್ಷ ಪಾಸಾಗಬೇಕು. ಆದ್ದರಿಂದ ಒತ್ತಡ ಹಾಕಬೇಕಾದದ್ದು ಈಗ, ಅಲ್ಲಿ. ನಿಮ್ಮ ಶಾಸಕಾಂಗ ಜಿಲ್ಲೆಗೆ ಒಬ್ಬ ಸೆನೆಟರ್, ಇಬ್ಬರು ಅಸೆಂಬ್ಲಿ ಸದಸ್ಯರಿದ್ದಾರೆ. ಮೂವರಿಗೂ ಫೋನ್ ಮಾಡಿ, ಪತ್ರ ಬರೆಯಿರಿ. ಉದ್ದ ಬರೆಯಬೇಕಿಲ್ಲ: “ಕ್ಯಾಸಿನೊ ತಿದ್ದುಪಡಿ ಬಂದರೆ ಅದರಲ್ಲಿ ಜಾಗದ ಹೆಸರಿರಬೇಕು, ಆ ಕೌಂಟಿಯ ಮತದಾರರ ಬಹುಮತ ಕಡ್ಡಾಯ ಎಂದಿರಬೇಕು. ಇಲ್ಲದಿದ್ದರೆ ನೀವು ಅದಕ್ಕೆ ಮತ ಕೊಡಬಾರದು. ನಿಮ್ಮ ನಿಲುವೇನು?” ಉತ್ತರ ಬಂದರೆ ನಿಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿಗೆ ಹಾಕಿ, ಬರದಿದ್ದರೆ ಬರಲಿಲ್ಲ ಎಂದು ಹಾಕಿ. ತಿದ್ದುಪಡಿಗೆ ಮುಂಚೆ ಸಾರ್ವಜನಿಕ ಅಹವಾಲು ಸಭೆ ನಡೆಸಲೇಬೇಕು. ಆ ದಿನ ಒಂದು ಕಾರಿನಷ್ಟು ಜನ ಟ್ರೆಂಟನ್‌ಗೆ ಹೋದರೂ ಅವರು ಗಮನಿಸುತ್ತಾರೆ.

ಒಂದು ಎಚ್ಚರಿಕೆ. ಮತ ಹಾಕುವ ಹಕ್ಕು ಅಮೆರಿಕದ ಪೌರರಿಗೆ ಮಾತ್ರ. ಗ್ರೀನ್ ಕಾರ್ಡ್, ಎಚ್-1ಬಿ ಇರುವವರು ಯಾರ ಮಾತು ಕೇಳಿಯೂ ಮತದಾರರ ಪಟ್ಟಿಗೆ ಹೆಸರು ಬರೆಸಬೇಡಿ, ನಿಮ್ಮ ವಲಸೆ ಪ್ರಕರಣಕ್ಕೇ ಕುತ್ತು ಬರುತ್ತದೆ. ಶಾಸಕರಿಗೆ ಪತ್ರ ಬರೆಯಲು, ಅಹವಾಲು ಸಭೆಯಲ್ಲಿ ಮಾತಾಡಲು ಯಾವ ಅಡ್ಡಿಯೂ ಇಲ್ಲ. ಪೌರರಾದವರು ಚುನಾವಣೆಗೆ 21 ದಿನ ಮುಂಚೆ ನೋಂದಣಿ ಮುಗಿಸಿರಬೇಕು. ಮೊನ್ನೆ ಮೊನ್ನೆ 18 ತುಂಬಿದ ಮಕ್ಕಳ ಹೆಸರು ಬರೆಸಿದ್ದೀರಾ, ನೋಡಿ.

ಪ್ರಶ್ನೆ ಮತಪತ್ರಕ್ಕೆ ಬಂದ ದಿನ ಎರಡೇ ವಿಷಯ ಹುಡುಕಿ: ಜಾಗದ ಹೆಸರು ಇದೆಯೇ, ಕೌಂಟಿಯ ಮತ ಕಡ್ಡಾಯ ಎಂದಿದೆಯೇ? ಎರಡೂ ಇದ್ದರೆ ನಿಮ್ಮ ಮನಸ್ಸಿಗೆ ಬಂದಂತೆ ಮತ ಹಾಕಿ, ಆ ಬಗ್ಗೆ ನಾವು ಮಾತಾಡುವುದಿಲ್ಲ. ಒಂದು ಇಲ್ಲದಿದ್ದರೂ ‘ನೋ’ ಎದುರಿನ ಗುಂಡಿ ತುಂಬಿಸಿ.

ಮನೆಯಲ್ಲಿ ಯಾರಿಗಾದರೂ ಈಗಾಗಲೇ ಜೂಜಿನ ಚಟ ಹತ್ತಿದ್ದರೆ ಮುಚ್ಚಿಡಬೇಡಿ. 1-800-ಗ್ಯಾಂಬ್ಲರ್ (1-800-426-2537) ಸಹಾಯವಾಣಿಗೆ ಫೋನ್ ಮಾಡಿ, ಹೆಸರು ಹೇಳಬೇಕಾಗಿಲ್ಲ.

ಓದಿದ ಮೇಲೆ ಈ ಕರಪತ್ರವನ್ನು ಪಕ್ಕದವರಿಗೆ ಕೊಡಿ. ಮುಖ್ಯವಾಗಿ ಬರ್ಗನ್ ಕೌಂಟಿಯಲ್ಲಿ ಮನೆ ಇರುವವರಿಗೆ.

ಇಂತು,
ನ್ಯೂಜೆರ್ಸಿಯ ಕೆಲವು ಕನ್ನಡ ಮತದಾರರು